ನಿರ್ಮಾಣ ಸಂಸ್ಥೆಯ ಕಂಪ್ಯೂಟರು ನಿಜವಾಗಿ ಕೆಲಸಕ್ಕೆ ಬರುತ್ತಿದೆಯೇ? ಉತ್ತರ ಕನ್ನಡದ ಗುತ್ತಿಗೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮೇಲೂ ಮನೆ, ವಸತಿ ಸಮುಚ್ಚಯ, ಶಾಲಾ ಕಟ್ಟಡ, ರಸ್ತೆ, ಕಿರುಸೇತುವೆಗಳ ಗುತ್ತಿಗೆ ಹಿಡಿಯುವ ಸಣ್ಣ ಮತ್ತು ಮಧ್ಯಮ ಸಂಸ್ಥೆಗಳು ಈಚಿನ ವರ್ಷಗಳಲ್ಲಿ ಮಾಹಿತಿ ತಂತ್ರಜ್ಞಾನಕ್ಕೆ ಸಾಕಷ್ಟು ಹಣ ಹಾಕಿವೆ. ಹಾಕಿದ ಹಣಕ್ಕೆ ತಕ್ಕ ಫಲ ಬಂತೇ ಎಂದು ತಿಳಿಯುವುದು ಹೇಗೆ ಎಂದು ಮಾಲೀಕರೂ ಸೈಟ್ ಎಂಜಿನಿಯರುಗಳೂ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ನಮ್ಮ ಕಚೇರಿಯಲ್ಲಿ ಟ್ಯಾಲಿ ಇದೆ, ಆಟೋಕ್ಯಾಡ್ ಇದೆ, ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ. ಇನ್ನು ಮೌಲ್ಯಮಾಪನ ಏತಕ್ಕೆ?

ಇರುವುದು ಬೇರೆ, ಬಳಸುವುದು ಬೇರೆ, ಬಳಕೆಯಿಂದ ಫಲ ಸಿಗುವುದು ಇನ್ನೂ ಬೇರೆ. ತಿಂಗಳ ಕೊನೆಯಲ್ಲಿ ಜಿಎಸ್‌ಟಿ ವಿವರ ಸಲ್ಲಿಸುವುದಕ್ಕಷ್ಟೇ ತೆರೆದುಕೊಳ್ಳುವ ಟ್ಯಾಲಿಯಿಂದ ತೆರಿಗೆಯ ಕೆಲಸ ಆಗುತ್ತದೆಯೇ ಹೊರತು ಯಾವ ಸೈಟಿನಲ್ಲಿ ಹಣ ಸೋರುತ್ತಿದೆ ಎಂಬುದು ಗೊತ್ತಾಗುವುದಿಲ್ಲ. 1987ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ, ಕಂಪ್ಯೂಟರ್ ಯುಗವು ಉತ್ಪಾದಕತೆಯ ಅಂಕಿಅಂಶಗಳನ್ನು ಬಿಟ್ಟು ಮಿಕ್ಕೆಲ್ಲ ಕಡೆ ಕಾಣುತ್ತಿದೆ ಎಂಬರ್ಥದ ಮಾತು ಹೇಳಿದ್ದರು. ನಮ್ಮ ಅನೇಕ ಗುತ್ತಿಗೆ ಕಚೇರಿಗಳ ಸ್ಥಿತಿಯೂ ಇಂದು ಹಾಗೆಯೇ ಇದೆ. ಸಾಧನಗಳ ಪಟ್ಟಿ ಮಾಡಿ ಅಂಕ ಕೊಡುವುದನ್ನು ಮೌಲ್ಯಮಾಪನ ಎನ್ನಲಾಗದು. ಕೆಲಸ ನಡೆಯುವ ಜಾಗದಲ್ಲಿ ಹುಟ್ಟಿದ ಮಾಹಿತಿ, ತೀರ್ಮಾನ ತೆಗೆದುಕೊಳ್ಳುವವರ ಬಳಿಗೆ ಎಷ್ಟು ದಿನದಲ್ಲಿ, ಎಷ್ಟು ಸಲ ಮರುಬರಹಕ್ಕೆ ಒಳಗಾಗಿ ತಲುಪುತ್ತದೆ, ತಲುಪಿದ ಮೇಲೆ ಅದರಿಂದ ಏನಾದರೂ ಬದಲಾಗುತ್ತದೆಯೇ ಎಂದು ನೋಡುವುದೇ ಮೌಲ್ಯಮಾಪನ.

ಇದಕ್ಕೆ ಸಿದ್ಧ ಚೌಕಟ್ಟು ಯಾವುದಾದರೂ ಇದೆಯೇ?

ಇದೆ. ಡಿಲೋನ್ ಮತ್ತು ಮೆಕ್ಲೀನ್ ಎಂಬ ಇಬ್ಬರು ಸಂಶೋಧಕರು 1992ರಲ್ಲಿ ರೂಪಿಸಿ 2003ರಲ್ಲಿ ಪರಿಷ್ಕರಿಸಿದ ಮಾದರಿಯನ್ನು ಇಂದಿಗೂ ಬಹಳ ಕಡೆ ಬಳಸುತ್ತಾರೆ. ವ್ಯವಸ್ಥೆಯ ಗುಣಮಟ್ಟ, ಅದು ಕೊಡುವ ಮಾಹಿತಿಯ ಗುಣಮಟ್ಟ, ಕೆಟ್ಟಾಗ ಸಿಗುವ ಸೇವೆ, ಬಳಕೆಯ ಪ್ರಮಾಣ, ಬಳಸುವವರ ತೃಪ್ತಿ, ಕೊನೆಗೆ ಸಂಸ್ಥೆಗೆ ಉಳಿಯುವ ನಿವ್ವಳ ಲಾಭ ಎಂಬ ಆರು ಅಂಶಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಕ್ರಮವದು. ನಮ್ಮ ಜಿಲ್ಲೆಯ ಸಂಸ್ಥೆಗಳಲ್ಲಿ ಎಡವಟ್ಟು ಹೆಚ್ಚಾಗಿ ಎರಡನೆಯ ಅಂಶದಲ್ಲಿ, ಅಂದರೆ ಮಾಹಿತಿಯ ಗುಣಮಟ್ಟದಲ್ಲಿ, ಆಗುತ್ತದೆ ಎಂಬುದು ನನ್ನ ಅನುಭವ. ತಂತ್ರಾಂಶ ಚೆನ್ನಾಗಿಯೇ ಇರುತ್ತದೆ; ಅದರೊಳಗೆ ಹಾಕಿದ ಅಂಕಿ ಮಾತ್ರ ಅಂದಾಜಿನದಾಗಿರುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಒಂದೇ ಒಂದು ಚಲನ್ ಹಿಡಿದು ಅದರ ಹಿಂದೆ ಹೋಗಿ. ಇದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ. ಸಿಮೆಂಟಿನ ಲಾರಿಯೋ ಜಲ್ಲಿಯ ಟಿಪ್ಪರೋ ಸೈಟಿಗೆ ಬಂದಾಗ ಅದರೊಡನೆ ಬಂದ ಚಲನ್ ಯಾರ ಕೈಗೆ ಹೋಯಿತು, ಅವರು ಅದನ್ನು ಯಾವ ಪುಸ್ತಕದಲ್ಲಿ ಬರೆದರು, ಆ ಪುಸ್ತಕದ ಫೋಟೋ ಯಾರಿಗೆ ಹೋಯಿತು, ಕಚೇರಿಯಲ್ಲಿ ಅದನ್ನು ಎಕ್ಸೆಲ್‌ಗೆ ಏರಿಸಿದವರು ಯಾರು, ಟ್ಯಾಲಿಗೆ ಏರಿಸಿದವರು ಯಾರು, ಸರಬರಾಜುದಾರರ ಬಿಲ್ಲಿನ ಜೊತೆ ತಾಳೆ ನೋಡಿದವರು ಯಾರು ಎಂದು ದಿನಾಂಕ ಸಹಿತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕುಮಟಾ ತಾಲ್ಲೂಕಿನ ಒಂದು ಸೈಟಿನಲ್ಲಿ ನಾನು ಹೀಗೆ ಹಿಂಬಾಲಿಸಿದ ಚಲನ್ ಆರು ಕಡೆ ಬರೆಯಿಸಿಕೊಂಡು ಒಂಬತ್ತನೆಯ ದಿನ ಮಾಲೀಕರ ಮೇಜು ಮುಟ್ಟಿತ್ತು. ಆರರಲ್ಲಿ ಮೂರು ಕಡೆ ಕಂಪ್ಯೂಟರಿನಲ್ಲೇ ಬರೆದಿದ್ದರು, ಆದರೆ ಒಂದನ್ನು ನೋಡಿಕೊಂಡು ಇನ್ನೊಂದರಲ್ಲಿ ಬೆರಳಚ್ಚು ಮಾಡಿದ್ದರು. ಪ್ರತಿ ಮರುಬರಹವೂ ಒಂದು ತಪ್ಪಿಗೆ ಬಾಗಿಲು ತೆರೆದಂತೆ.

ಇದೇ ರೀತಿ ಒಂದು ಹಾಜರಿ ಪಟ್ಟಿಯನ್ನು ವಾರದ ಬಟವಾಡೆಯವರೆಗೆ, ಒಂದು ನಕ್ಷೆಯ ತಿದ್ದುಪಡಿಯನ್ನು ವಾಸ್ತುಶಿಲ್ಪಿಯ ಕಚೇರಿಯಿಂದ ಸೆಂಟ್ರಿಂಗ್ ಮೇಸ್ತ್ರಿಯವರೆಗೆ, ಒಂದು ಅಳತೆಯನ್ನು ಸೈಟಿನಿಂದ ಚಾಲ್ತಿ ಬಿಲ್ಲಿನವರೆಗೆ (ಕೆಲಸ ನಡೆಯುತ್ತಿರುವಾಗಲೇ ಆದಷ್ಟಕ್ಕೆ ಸಲ್ಲಿಸುವ ಬಿಲ್ಲು) ಹಿಂಬಾಲಿಸಿದರೆ ಸಂಸ್ಥೆಯ ನಿಜಸ್ಥಿತಿ ಅರ್ಧದಷ್ಟು ತಿಳಿದುಬಿಡುತ್ತದೆ. ಪ್ರಶ್ನಾವಳಿ ಹಂಚಿ ಉತ್ತರ ಸಂಗ್ರಹಿಸುವುದು ಆಮೇಲಿನ ಮಾತು.

ಯಾವ ಅಳತೆಗಳನ್ನು ಇಟ್ಟುಕೊಂಡರೆ ಫಲ ಗೊತ್ತಾಗುತ್ತದೆ?

ಮೊದಲನೆಯದು ಸಿಮೆಂಟಿನ ತಾಳೆ. ಡಿಸೈನ್ ಮಿಕ್ಸ್ (ಕಾಂಕ್ರೀಟಿಗೆ ಹಾಕುವ ಸಾಮಗ್ರಿಗಳ ಪ್ರಮಾಣದ ಲೆಕ್ಕ) ಪ್ರಕಾರ ಒಂದು ಘನ ಮೀಟರ್ ಕಾಂಕ್ರೀಟಿಗೆ 380 ಕಿಲೋ ಸಿಮೆಂಟ್ ಬೇಕೆಂದಿದ್ದರೆ, 50 ಕಿಲೋ ಚೀಲದ ಲೆಕ್ಕದಲ್ಲಿ 7.6 ಚೀಲವಾಯಿತು, 40 ಘನ ಮೀಟರಿನ ಸ್ಲ್ಯಾಬಿಗೆ 304 ಚೀಲ. ಸ್ಟೋರಿನ ಪುಸ್ತಕ 330 ಎಂದು ಹೇಳಿದರೆ ಹೆಚ್ಚಾದ 26 ಚೀಲ ಎಲ್ಲಿ ಹೋಯಿತೆಂದು ಕೇಳಬೇಕು. ಒಡೆದ ಚೀಲವೇ, ಗಟ್ಟಿಯಾದ ಚೀಲವೇ, ಪಕ್ಕದ ಗಾರೆ ಕೆಲಸಕ್ಕೆ ಹೋಯಿತೇ, ಸ್ಲ್ಯಾಬಿನ ದಪ್ಪವೇ ಹೆಚ್ಚಾಯಿತೇ? ಉತ್ತರ ಯಾವುದಾದರೂ ಇರಲಿ, ಪ್ರಶ್ನೆ ಸ್ಲ್ಯಾಬ್ ಹಾಕಿದ ಮರುದಿನ ಎದ್ದಿತೇ ಅಥವಾ ಮಾರ್ಚ್ ತಿಂಗಳ ಲೆಕ್ಕಪರಿಶೋಧನೆಯಲ್ಲಿ ಎದ್ದಿತೇ ಎಂಬುದೇ ತಂತ್ರಜ್ಞಾನದ ಅಳತೆಗೋಲು. ಮರುದಿನವೇ ಎದ್ದಿದ್ದರೆ ನಿಮ್ಮ ವ್ಯವಸ್ಥೆ ಫಲ ಕೊಡುತ್ತಿದೆ ಎಂದರ್ಥ, ಅದು ಎಷ್ಟೇ ಅಗ್ಗದ್ದಾಗಿರಲಿ.

ಎರಡನೆಯದು ಕ್ಯೂಬ್ ಪರೀಕ್ಷೆಯ, ಅಂದರೆ ಕಾಂಕ್ರೀಟಿನ ಘನಾಕಾರದ ಮಾದರಿಯನ್ನು ಒತ್ತಿ ಬಲ ನೋಡುವ ಪರೀಕ್ಷೆಯ, ಫಲಿತಾಂಶ ತಲುಪುವ ವೇಗ. ಕಾಂಕ್ರೀಟಿನ ಬಲ ನಿರ್ಧಾರವಾಗುವುದು 28 ದಿನದ ಫಲಿತಾಂಶದಿಂದ. ಮುನ್ಸೂಚನೆಗಾಗಿ 7 ದಿನದ್ದನ್ನೂ ನೋಡುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಸಾಮಾನ್ಯ ಸ್ಥಿತಿಯಲ್ಲಿ ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿನ ಆಧಾರದ ಕಂಬಗಳನ್ನು 7 ದಿನಕ್ಕೆ, ಅದಕ್ಕೂ ಉದ್ದದ್ದಾದರೆ 14 ದಿನಕ್ಕೆ ತೆಗೆಯಬಹುದು. ಹಾಗಿರುವಾಗ 7ನೇ ದಿನದ ಫಲಿತಾಂಶ ಪ್ರಯೋಗಾಲಯದಿಂದ 20ನೇ ದಿನ ಲಕೋಟೆಯಲ್ಲಿ ಬಂದರೆ, ಅದನ್ನು ಸ್ಕ್ಯಾನ್ ಮಾಡಿ ಕ್ಲೌಡಿನಲ್ಲಿಟ್ಟು ಪ್ರಯೋಜನವೇನು?

ಮೂರನೆಯದು, ಅಳತೆ ತೆಗೆದ ದಿನದಿಂದ ಚಾಲ್ತಿ ಬಿಲ್ಲು ಸಲ್ಲಿಕೆಯಾಗುವ ದಿನದವರೆಗಿನ ಅಂತರ. ಇದು ನೇರವಾಗಿ ಬಡ್ಡಿಯ ಪ್ರಶ್ನೆಯಾದ್ದರಿಂದ ಮಾಲೀಕರಿಗೆ ಬೇಗ ಅರ್ಥವಾಗುತ್ತದೆ. ಹಳೆಯ ನಕ್ಷೆ ನೋಡಿ ಕಟ್ಟಿ ಒಡೆದ ಗೋಡೆಗಳೆಷ್ಟು, ಕಬ್ಬಿಣದ ತುಂಡು ಎಷ್ಟು ಶೇಕಡಾ ಹಾಳಾಯಿತು ಎಂಬುದನ್ನೂ ಸೇರಿಸಬಹುದು. ಆದರೆ ಹತ್ತು ಹದಿನೈದು ಸೂಚ್ಯಂಕಗಳನ್ನು ಒಮ್ಮೆಲೇ ಹಿಡಿದರೆ ಮೂರನೆಯ ತಿಂಗಳಿಗೆ ಯಾರೂ ಯಾವುದನ್ನೂ ತುಂಬುವುದಿಲ್ಲ.

ನಮ್ಮಲ್ಲಿ ಮರಳು, ಜಲ್ಲಿ, ಚಿರೇಕಲ್ಲು ಲೋಡಿನ ಲೆಕ್ಕದಲ್ಲಿ ಬರುತ್ತದೆ. ಅದನ್ನು ಕಂಪ್ಯೂಟರಿಗೆ ಹೇಗೆ ಹಾಕುವುದು?

ಲೋಡು ಎಂದೇ ಹಾಕಬೇಡಿ. ಒಂದು ಲೋಡು ಎಂದರೆ ಯಾವ ಗಾಡಿಯ ಲೋಡು ಎಂಬುದು ಚಾಲಕನಿಗೆ ಗೊತ್ತು, ಸ್ಟೋರ್ ಕೀಪರಿಗೆ ಗೊತ್ತು, ತಂತ್ರಾಂಶಕ್ಕೆ ಗೊತ್ತಿಲ್ಲ. ಕೆಲವರು 100 ಘನ ಅಡಿಯನ್ನು ಒಂದು ಯೂನಿಟ್ ಎನ್ನುತ್ತಾರೆ, ಅದು 2.83 ಘನ ಮೀಟರ್ ಆಗುತ್ತದೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಘನ ಮೀಟರಿನಲ್ಲಿರುತ್ತದೆ. ಕ್ವಾರಿಯ ಬಿಲ್ಲು ಟನ್ನಿನಲ್ಲಿ ಬರುವುದೂ ಉಂಟು. ಪ್ರತಿ ಟಿಪ್ಪರಿನ ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಒಮ್ಮೆ ಟೇಪ್ ಹಿಡಿದು ಅಳೆದು ಗಾಡಿಯ ನಂಬರಿನೊಂದಿಗೆ ದಾಖಲಿಸಿಟ್ಟರೆ, ಮುಂದೆ ಗೇಟಿನಲ್ಲಿ ನಂಬರು ಮತ್ತು ತುಂಬಿದ ಎತ್ತರ ಬರೆದರೆ ಸಾಕು, ಘನ ಅಳತೆ ತಾನಾಗಿ ಬರುತ್ತದೆ. ಒದ್ದೆ ಮರಳು ಉಬ್ಬುವುದನ್ನೂ ಮರೆಯಬಾರದು. ತೇವದ ಮರಳಿನ ಗಾತ್ರ ಒಣ ಮರಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿರುವುದರಿಂದ, ನಮ್ಮ ಕಡೆ ಅಕ್ಟೋಬರದ ಒಂದು ಲೋಡು ಏಪ್ರಿಲ್ ತಿಂಗಳ ಒಂದು ಲೋಡಿಗೆ ಸಮವಲ್ಲ. ಚಿರೇಕಲ್ಲನ್ನು ಎಣಿಕೆಯಲ್ಲಿ ಬರೆದು, ದಾರಿಯಲ್ಲಿ ಒಡೆದು ಬಂದದ್ದನ್ನು ಬೇರೆ ಕಲಮಿನಲ್ಲಿ ತೋರಿಸಿ.

ಒಂದು ಸಂಸ್ಥೆಯ ತಂತ್ರಜ್ಞಾನ ಬಳಕೆ ಎಷ್ಟರಮಟ್ಟಿಗೆ ಗಟ್ಟಿಯಾಗಿದೆ ಎಂದು ತಿಳಿಯಲು ನಾನು ಮೊದಲು ತೆರೆಯುವುದೇ ಅವರ ಸಾಮಗ್ರಿ ಪಟ್ಟಿಯ ಅಳತೆಯ ಕಲಮು. ಅಲ್ಲಿ ಲೋಡು, ಯೂನಿಟ್, ಟ್ರಿಪ್, ಘನ ಮೀಟರ್ ಎಲ್ಲ ಕಲಸಿಕೊಂಡಿದ್ದರೆ ಮುಂದಿನ ವರದಿಗಳನ್ನು ಓದುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆನ್‌ಲೈನ್ ವ್ಯವಸ್ಥೆ ನಮಗೆ ಒಗ್ಗುತ್ತದೆಯೇ?

ಜೋಯಿಡಾದ ಒಳಭಾಗದಲ್ಲಾಗಲಿ ಸಿದ್ದಾಪುರದ ಘಟ್ಟದಂಚಿನಲ್ಲಾಗಲಿ ಕೆಲಸ ಮಾಡಿದವರಿಗೆ ಇದು ನೆಪದ ಮಾತಲ್ಲವೆಂದು ಗೊತ್ತಿದೆ. ಆದ್ದರಿಂದ ನೆಟ್‌ವರ್ಕ್ ಇಲ್ಲದಾಗಲೂ ದಾಖಲಿಸಿಕೊಂಡು, ಸಿಕ್ಕಾಗ ತಾನಾಗಿ ಕಳುಹಿಸುವ ಆ್ಯಪ್ ಬೇಕೆಂಬುದನ್ನು ಖರೀದಿಯ ಮೊದಲ ಷರತ್ತಾಗಿಸಿ. ಮಾರಾಟಗಾರರು ಹುಬ್ಬಳ್ಳಿಯ ಹೋಟೆಲಿನಲ್ಲಿ ತೋರಿಸುವ ಪ್ರಾತ್ಯಕ್ಷಿಕೆಯನ್ನು ನಂಬದೆ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಸಿ ಇಡೀ ದಿನದ ದಾಖಲೆ ತುಂಬಿಸಿ ನೋಡಿ.

ಮಳೆಗೆ ಸಂಬಂಧಿಸಿದ ಇನ್ನೊಂದು ಪರೀಕ್ಷೆಯನ್ನು ಹೇಳುತ್ತೇನೆ. ಕಾಮಗಾರಿಯ ವೇಳಾಪಟ್ಟಿ ತಯಾರಿಸಲು ಪ್ರೈಮವೆರಾ ಅಥವಾ ಎಂಎಸ್ ಪ್ರಾಜೆಕ್ಟ್ ಬಳಸುತ್ತೇವೆಂದು ಹೇಳುವ ಸಂಸ್ಥೆಯಲ್ಲಿ ಆ ಕಡತ ತೆರೆಸಿ, ಅದರ ಕ್ಯಾಲೆಂಡರಿನಲ್ಲಿ ಜುಲೈ ತಿಂಗಳಿಗೆ ಎಷ್ಟು ಕೆಲಸದ ದಿನಗಳಿವೆ ಎಂದು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಅಗೆಯುವ, ಡಾಂಬರು ಹಾಕುವ, ಹೊಳೆಯಲ್ಲಿ ಅಡಿಪಾಯ ಹಾಕುವ ಕೆಲಸಗಳು ನಮ್ಮ ಕರಾವಳಿಯಲ್ಲಿ ಹೆಚ್ಚುಕಡಿಮೆ ನಿಂತೇ ಇರುತ್ತವೆ. ಒಳಾಂಗಣದ ಗಾರೆ, ವೈರಿಂಗ್, ಟೈಲ್ಸ್ ಮಾತ್ರ ನಡೆಯುತ್ತವೆ. ಜುಲೈಗೂ ಜನವರಿಗೂ ಒಂದೇ 26 ದಿನ ಎಂದಿದ್ದರೆ ಆ ವೇಳಾಪಟ್ಟಿ ಟೆಂಡರಿಗೆ ಲಗತ್ತಿಸಲು ಮಾಡಿದ್ದು, ಕೆಲಸ ನಡೆಸಲು ಮಾಡಿದ್ದಲ್ಲ. ಇಂಥ ವೇಳಾಪಟ್ಟಿಗೆ ಆಧಾರವಾದ ನಿರ್ಣಾಯಕ ಪಥದ ವಿಧಾನವು, ಅಂದರೆ ಯಾವ ಕೆಲಸ ತಡವಾದರೆ ಇಡೀ ಕಾಮಗಾರಿ ತಡವಾಗುತ್ತದೆ ಎಂದು ಗುರುತಿಸುವ ಕ್ರಮವು, 1950ರ ದಶಕದ ಕೊನೆಯಲ್ಲೇ ಬಳಕೆಗೆ ಬಂದಿದೆ. ಆಷಾಢವನ್ನು ಅದರೊಳಗೆ ಸೇರಿಸುವುದು ಮಾತ್ರ ನಮ್ಮದೇ ಜವಾಬ್ದಾರಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋದಂತಹ ಸಂದರ್ಭದಲ್ಲಿ ಸಾಮಗ್ರಿ ಎಷ್ಟು ದಿನ ತಡವಾಗುತ್ತದೆ, ಯಾವ ಕೆಲಸ ಹಿಂದೆ ಬೀಳುತ್ತದೆ ಎಂದು ಆ ಕಡತದಲ್ಲಿ ಅರ್ಧ ಗಂಟೆಯಲ್ಲಿ ತಿದ್ದಿ ತೋರಿಸಬಲ್ಲವರಿದ್ದರೆ ಪೂರ್ಣ ಅಂಕ ಕೊಡಬಹುದು.

ಮೇಸ್ತ್ರಿಗಳು, ಸೂಪರ್‌ವೈಸರುಗಳು ಆ್ಯಪ್ ಬಳಸುವುದೇ ಇಲ್ಲ. ತರಬೇತಿ ಸಾಲದೇ?

ತರಬೇತಿಗಿಂತ ಮೊದಲು ಅವರಿಗೆ ಅದರಿಂದ ಏನು ಉಪಯೋಗವೆಂದು ಕೇಳಿಕೊಳ್ಳಬೇಕು. ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ವಿಚಾರದಂತೆ, ಒಂದು ತಂತ್ರಜ್ಞಾನವನ್ನು ಜನ ಒಪ್ಪುವುದು ಅದು ತಮಗೆ ಉಪಯುಕ್ತವೆಂದೂ ಬಳಸಲು ಸುಲಭವೆಂದೂ ಅನಿಸಿದಾಗ. ಸಂಜೆ ಆರರವರೆಗೆ ಸ್ಲ್ಯಾಬಿನ ಮೇಲೆ ನಿಂತ ಸೂಪರ್‌ವೈಸರಿಗೆ ಇಂಗ್ಲಿಷಿನ ಇಪ್ಪತ್ತು ಕಲಮು ತುಂಬಿಸುವುದರಿಂದ ಸಿಗುವುದು ತಲೆನೋವು ಮಾತ್ರ. ಅದೇ ಮಾಹಿತಿಯಿಂದ ಶನಿವಾರದ ಬಟವಾಡೆ ಜಗಳವಿಲ್ಲದೆ ಮುಗಿಯುವುದಾದರೆ ಅವರೇ ತುಂಬುತ್ತಾರೆ. ಪರದೆ ಕನ್ನಡದಲ್ಲಿರಲಿ, ಕಲಮು ಐದಾರಕ್ಕಿಂತ ಹೆಚ್ಚಿರದಿರಲಿ, ಬರೆಯುವ ಬದಲು ಧ್ವನಿಯಲ್ಲಿ ಹೇಳುವ ಅವಕಾಶವಿರಲಿ. ಬಿಹಾರ, ಒಡಿಶಾ, ಬಂಗಾಳದಿಂದ ಬಂದ ಕಾರ್ಮಿಕರಿರುವ ಸೈಟಿನಲ್ಲಿ ಅವರ ಮೇಸ್ತ್ರಿಗೆ ಹಿಂದಿಯ ಪರದೆಯೂ ಬೇಕು.

ಬೆರಳಚ್ಚಿನ ಹಾಜರಿ ಯಂತ್ರದ ಬಗ್ಗೆ ಒಂದು ಮಾತು. ಸಿಮೆಂಟಿನಲ್ಲಿ ಕೈಯಾಡಿಸುವ ಗಾರೆಯವರ, ಕಲ್ಲು ಹೊರುವವರ ಬೆರಳಿನ ಗೆರೆಗಳು ಸವೆದಿರುವುದರಿಂದ ಯಂತ್ರ ಅವರನ್ನು ಗುರುತಿಸದೆ ಹೋಗುವುದು ಸಾಮಾನ್ಯ. ಯಂತ್ರ ತಪ್ಪಿದ ದಿನ ಕೂಲಿ ತಪ್ಪಬಾರದು. ಪರ್ಯಾಯ ದಾಖಲೆಯ ಕ್ರಮ ಇದೆಯೇ ಎಂಬುದು ಮೌಲ್ಯಮಾಪನದಲ್ಲಿ ಇರಲೇಬೇಕಾದ ಪ್ರಶ್ನೆ.

ವಾಟ್ಸಾಪ್ ಗುಂಪಿನಲ್ಲೇ ಎಲ್ಲ ನಡೆಯುತ್ತಿದೆ. ಅದು ಸಾಲದೇ?

ಸುದ್ದಿ ಮುಟ್ಟಿಸಲು ಸಾಕು, ದಾಖಲೆಗೆ ಸಾಲದು. ವಾಟ್ಸಾಪ್ ಯಶಸ್ವಿಯಾದದ್ದೇ ಮೇಲೆ ಹೇಳಿದ ಸುಲಭತೆಯಿಂದ, ಆದ್ದರಿಂದ ಅದನ್ನು ಹಳಿಯುವವರ ಗುಂಪಿಗೆ ನಾನು ಸೇರುವುದಿಲ್ಲ. ಆದರೆ ತಿದ್ದುಪಡಿಯಾದ ನಕ್ಷೆ ಶುಭಾಶಯಗಳ ಕೆಳಗೆ ಹೂತುಹೋದಾಗ ಬಾರ್ ಬೆಂಡರ್ ಹಿಂದಿನ ನಕ್ಷೆಯನ್ನೇ ನೋಡಿ ಕಬ್ಬಿಣ ಕತ್ತರಿಸುತ್ತಾನೆ. ಪ್ರತಿ ನಕ್ಷೆಗೂ ತಿದ್ದುಪಡಿ ಸಂಖ್ಯೆ ಮತ್ತು ದಿನಾಂಕ ಹಾಕಿ, ಚಾಲ್ತಿಯಲ್ಲಿರುವ ನಕ್ಷೆ ಮಾತ್ರ ಒಂದು ಗೊತ್ತಾದ ಜಾಗದಲ್ಲಿ ಸಿಗುವಂತೆ ಮಾಡಿ, ಗುಂಪಿನಲ್ಲಿ ಅದರ ಕೊಂಡಿಯನ್ನಷ್ಟೇ ಹಾಕಿ. ಪರೀಕ್ಷೆ ಸರಳ: ಸೈಟಿಗೆ ಹೋಗಿ, ಗೋಡೆಗೆ ಅಂಟಿಸಿದ ನಕ್ಷೆಯ ತಿದ್ದುಪಡಿ ಸಂಖ್ಯೆಯನ್ನೂ ಕಚೇರಿಯ ಸಂಖ್ಯೆಯನ್ನೂ ಹೋಲಿಸಿ ನೋಡಿ.

ಕರಾವಳಿಯ ಉಪ್ಪುಗಾಳಿಗೂ ಮಾಹಿತಿ ತಂತ್ರಜ್ಞಾನಕ್ಕೂ ಏನು ಸಂಬಂಧ?

ಇದೆ, ಮತ್ತು ಸಾಕಷ್ಟು ಹತ್ತಿರದ ಸಂಬಂಧ. ಐಎಸ್ 456 ಕರಾವಳಿಯ ಪರಿಸರವನ್ನು ತೀವ್ರ ಎಂದೂ ಸಮುದ್ರದ ತುಂತುರು ಬೀಳುವ ಜಾಗವನ್ನು ಅತಿ ತೀವ್ರ ಎಂದೂ ವರ್ಗೀಕರಿಸುತ್ತದೆ. ಮೊದಲನೆಯದಕ್ಕೆ ಕನಿಷ್ಠ ಎಂ 30 ದರ್ಜೆಯ ಕಾಂಕ್ರೀಟ್ ಮತ್ತು 45 ಮಿಲಿಮೀಟರ್ ಕವರ್ (ಕಬ್ಬಿಣದ ಮೇಲಿನ ಕಾಂಕ್ರೀಟ್ ಹೊದಿಕೆ), ಎರಡನೆಯದಕ್ಕೆ ಎಂ 35 ಮತ್ತು 50 ಮಿಲಿಮೀಟರ್ ಕವರ್ ಸೂಚಿಸುತ್ತದೆ. ಕವರ್ ಕಡಿಮೆಯಾದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ ಎಂಬುದಕ್ಕೆ ಕಾರವಾರದಲ್ಲಿ ಹಳೆಯ ಕಟ್ಟಡಗಳ ಸಜ್ಜಾಗಳನ್ನು ತಲೆಯೆತ್ತಿ ನೋಡಿದರೆ ಸಾಕು. ಆದರೆ ಕಾಂಕ್ರೀಟ್ ಸುರಿದ ಮೇಲೆ ಕವರ್ ಕಣ್ಣಿಗೆ ಕಾಣುವುದಿಲ್ಲ. ಸುರಿಯುವ ಮೊದಲು ಅಳತೆಪಟ್ಟಿ ಹಿಡಿದು ತೆಗೆದ, ಸ್ಥಳ ಮತ್ತು ಸಮಯ ದಾಖಲಾದ ಫೋಟೋ ಮಾತ್ರವೇ ಆಮೇಲೆ ಉಳಿಯುವ ಸಾಕ್ಷಿ. ಅಂತಹ ಫೋಟೋಗಳು ಕಂಬ, ತೊಲೆಗಳ ಸಂಖ್ಯೆಯ ಪ್ರಕಾರ ಹುಡುಕಿದರೆ ಸಿಗುತ್ತವೆಯೇ, ಅಥವಾ ಕೆಲಸ ಬಿಟ್ಟುಹೋದ ಎಂಜಿನಿಯರರ ಫೋನಿನೊಂದಿಗೇ ಹೋದವೇ? ಯಾವುದಾದರೂ ಮೂರು ಕಂಬಗಳ ಸಂಖ್ಯೆ ಹೇಳಿ ಹತ್ತು ನಿಮಿಷ ಸಮಯ ಕೊಡಿ.

ಬಿಮ್ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾವೂ ಹಾಕಿಕೊಳ್ಳಬೇಕೇ?

ಬಿಮ್ ಎಂದರೆ ಕಟ್ಟಡದ ವಿವರಗಳನ್ನೆಲ್ಲ ಒಂದೇ ಮೂರು ಆಯಾಮದ ಕಂಪ್ಯೂಟರ್ ಮಾದರಿಯಲ್ಲಿ ಜೋಡಿಸುವ ಕ್ರಮ. ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ 2016ರಿಂದ ಇದನ್ನು ಕಡ್ಡಾಯ ಮಾಡಿತು, ಐಎಸ್ಒ 19650 ಎಂಬ ಅಂತರರಾಷ್ಟ್ರೀಯ ಮಾನಕದ ಮೊದಲ ಭಾಗಗಳು 2018ರಲ್ಲಿ ಬಂದವು. ಆಸ್ಪತ್ರೆ, ದೊಡ್ಡ ಹೋಟೆಲುಗಳಲ್ಲಿ ಪೈಪು, ಡಕ್ಟು, ತೊಲೆಗಳು ಒಂದಕ್ಕೊಂದು ಅಡ್ಡ ಬರುವುದನ್ನು ಕಟ್ಟುವ ಮೊದಲೇ ಕಾಣಿಸುವುದು ಅದರ ದೊಡ್ಡ ಗುಣ. ಎರಡು ಅಂತಸ್ತಿನ ಮನೆ ಕಟ್ಟುವವರು ಮೊದಲು ತಮ್ಮ ಚಲನ್ ದಾರಿಗೆ ತರಲಿ.

ರೇರಾ, ಜಿಎಸ್‌ಟಿ, ಇ-ವೇ ಬಿಲ್, ಟೆಂಡರ್ ಪೋರ್ಟಲ್ ಎಲ್ಲ ತುಂಬುತ್ತೇವೆ. ಇದೂ ಪರಿಣಾಮಕಾರಿ ಬಳಕೆಯಲ್ಲವೇ?

ಅದು ಕಾನೂನು ಪಾಲನೆ. ಐದು ಕೋಟಿ ರೂಪಾಯಿ ವಹಿವಾಟು ಮೀರಿದ ಸಂಸ್ಥೆ ಇ-ಇನ್‌ವಾಯ್ಸ್ ಮಾಡಲೇಬೇಕು. 500 ಚದರ ಮೀಟರಿಗಿಂತ ದೊಡ್ಡ ನಿವೇಶನದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಾದ ರೇರಾದಡಿ ನೋಂದಣಿಯಾಗಿ ಮೂರು ತಿಂಗಳಿಗೊಮ್ಮೆ ಪ್ರಗತಿ ತೋರಿಸಲೇಬೇಕು. ಮಾಡದಿದ್ದರೆ ದಂಡ ಬೀಳುವ ಕೆಲಸವನ್ನು ಮಾಡಿದ್ದಕ್ಕೆ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಆದರೆ ಆ ತ್ರೈಮಾಸಿಕ ವಿವರ ಹೇಗೆ ತಯಾರಾಗುತ್ತದೆ ಎಂಬುದು ಒಳ್ಳೆಯ ಸೂಚಕ. ಸೈಟಿನ ದಿನಚರಿಯಿಂದ ತಾನಾಗಿ ಬರುವ ಅಂಕಿಯಾಗಿದ್ದರೆ ವ್ಯವಸ್ಥೆ ಜೀವಂತವಾಗಿದೆ. ಕೊನೆಯ ರಾತ್ರಿ ಸೈಟಿಗೆ ಫೋನು ಮಾಡಿ, ಪ್ಲಾಸ್ಟರಿಂಗ್ ಎಷ್ಟಾಗಿದೆ, ಅರವತ್ತು ಪರ್ಸೆಂಟ್ ಹಾಕಲೇ ಎಂದು ಕೇಳುವುದಾದರೆ ಪೋರ್ಟಲ್ ಒಂದು ಕಡೆ, ಕೆಲಸ ಇನ್ನೊಂದು ಕಡೆ.

ಖರ್ಚು ಮತ್ತು ಲಾಭವನ್ನು ರೂಪಾಯಿಯಲ್ಲಿ ತೋರಿಸಬಹುದೇ?

ಖರ್ಚನ್ನು ತೋರಿಸಬಹುದು, ಆದರೆ ಪೂರ್ತಿ ತೋರಿಸಿ. ಪರವಾನಗಿ ಶುಲ್ಕವಷ್ಟೇ ಖರ್ಚಲ್ಲ. ದಿನಕ್ಕೆ ಅರ್ಧ ತಾಸು ದಾಖಲೆ ತುಂಬುವ ಎಂಟು ಜನರ ಸಮಯ ದಿನಕ್ಕೆ ನಾಲ್ಕು ತಾಸು, ಅಂದರೆ ಅರ್ಧ ಆಳಿನ ಸಂಬಳ. ಅದರ ಜೊತೆಗೆ ಹಳೆಯ ಪುಸ್ತಕವನ್ನೂ ಹೊಸ ಆ್ಯಪನ್ನೂ ಏಕಕಾಲಕ್ಕೆ ನಡೆಸುವ ಮೊದಲ ಮೂರು ತಿಂಗಳ ಹೊರೆ. ಲಾಭದ ಲೆಕ್ಕ ಕಷ್ಟದ್ದು, ಏಕೆಂದರೆ ಸಿಮೆಂಟಿನ ಬೆಲೆ ಇಳಿದರೂ ಖರ್ಚು ಇಳಿಯುತ್ತದೆ, ಒಳ್ಳೆಯ ಸ್ಟೋರ್ ಕೀಪರ್ ಬಂದರೂ ಇಳಿಯುತ್ತದೆ. ಹಾಗಾಗಿ ರೂಪಾಯಿಯಲ್ಲಿ ಅಳೆಯುವ ಬದಲು ಪ್ರಮಾಣದಲ್ಲಿ ಅಳೆಯಿರಿ: ಘನ ಮೀಟರಿಗೆ ಎಷ್ಟು ಚೀಲ, ಟನ್ನು ಕಬ್ಬಿಣಕ್ಕೆ ಎಷ್ಟು ಕಿಲೋ ತುಂಡು, ಬಿಲ್ಲಿಗೆ ಎಷ್ಟು ದಿನ. ತಂತ್ರಾಂಶ ಬರುವ ಮೊದಲಿನ ಒಂದು ಹಂಗಾಮಿನ ಅಂಕಿಗಳನ್ನು ಬರೆದಿಟ್ಟುಕೊಳ್ಳದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಎರಡು ಸೈಟುಗಳಿದ್ದರೆ ಒಂದರಲ್ಲಿ ಮೊದಲು ಅಳವಡಿಸಿ, ಇನ್ನೊಂದನ್ನು ಹಳೆಯ ಕ್ರಮದಲ್ಲೇ ಬಿಟ್ಟು ನೋಡುವುದು ಇನ್ನೂ ಒಳ್ಳೆಯದು.

ಮೌಲ್ಯಮಾಪನವನ್ನು ಯಾರು ಮಾಡಬೇಕು?

ತಂತ್ರಾಂಶ ಮಾರಿದವರಲ್ಲ, ಅದನ್ನು ಕೊಳ್ಳಲು ಶಿಫಾರಸು ಮಾಡಿದವರೂ ಅಲ್ಲ. ಸಂಸ್ಥೆಯ ಒಬ್ಬ ಹಿರಿಯ ಸೈಟ್ ಎಂಜಿನಿಯರ್ ಮತ್ತು ಹೊರಗಿನ ಒಬ್ಬರು ಸೇರಿದರೆ ಸಾಕು. ಕಾರವಾರದ ಮಾಜಾಳಿಯಲ್ಲೂ ಭಟ್ಕಳದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಂತಿಮ ವರ್ಷದ ಸಿವಿಲ್ ವಿದ್ಯಾರ್ಥಿಗಳಿಗೆ ಚಲನ್ ಹಿಂಬಾಲಿಸುವ ಕೆಲಸವನ್ನು ಯೋಜನಾ ಕಾರ್ಯವಾಗಿ ಕೊಟ್ಟರೆ ಎರಡೂ ಕಡೆಗೆ ಅನುಕೂಲ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ವರ್ಷಕ್ಕೆ ಎರಡು ಸಲ. ಕೆಲಸ ಭರದಿಂದ ಸಾಗುವ ಫೆಬ್ರವರಿಯಲ್ಲಿ ಒಮ್ಮೆ, ಆಗ ವೇಗದ ಒತ್ತಡದಲ್ಲಿ ದಾಖಲೆ ಉಳಿಯುತ್ತದೆಯೇ ಎಂದು ತಿಳಿಯುತ್ತದೆ. ಮಳೆ ಹಿಡಿದ ಜುಲೈನಲ್ಲಿ ಇನ್ನೊಮ್ಮೆ, ಆಗ ಕರೆಂಟು ಹೋದ ದಿನ ವ್ಯವಸ್ಥೆ ಏನು ಮಾಡುತ್ತದೆ ಎಂಬುದು ಗೊತ್ತಾಗುತ್ತದೆ. ಜುಲೈನಲ್ಲಿ ಎಂಜಿನಿಯರುಗಳಿಗೂ ಸ್ವಲ್ಪ ಬಿಡುವಿರುತ್ತದೆ, ಹಿಂದಿನ ಹಂಗಾಮಿನ ಕಡತಗಳನ್ನು ತೆರೆದು ತಾಳೆ ನೋಡಲು ಆ ದಿನಗಳೇ ಸರಿ. ಬ್ಯಾಕಪ್ ಇದೆಯೆಂದು ಹೇಳಿದರೆ ಸಾಲದು, ಅದೇ ಸಂದರ್ಭದಲ್ಲಿ ಒಂದು ಕಡತವನ್ನು ಬ್ಯಾಕಪ್‌ನಿಂದ ಮರಳಿ ತೆಗೆಸಿ ನೋಡಿ.